ಕಚೇರಿಯಲ್ಲಿ ವಾಹನ ನಿಲುಗಡೆ: ವಿಕಲಚೇತನ ನೌಕರರು ಜಾಗ ಕೇಳಿ ಪಡೆಯುವ ಬಗೆ

ಮನವಿ ಬರೆಯುವ ಮೊದಲು ಒಂದು ದಿನ ಅಳತೆ ಟೇಪು ಹಿಡಿದು ಕಚೇರಿಯ ನಿಲುಗಡೆ ಜಾಗವನ್ನು ಅಳೆದು ನೋಡಿ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಿಕಲಚೇತನರ ಕಾರಿಗೆ ಮೀಸಲಿಟ್ಟ ಜಾಗ ಕನಿಷ್ಠ 3.6 ಮೀಟರ್ ಅಗಲವಿರಬೇಕು ಮತ್ತು ಅಲ್ಲಿಂದ ಕಟ್ಟಡದ ಪ್ರವೇಶದ್ವಾರ 30 ಮೀಟರ್ ಮೀರಿ ದೂರವಿರಬಾರದು. ಕಾರಿನ ಬಾಗಿಲನ್ನು ಪೂರ್ತಿ ತೆರೆದು, ಗಾಲಿಕುರ್ಚಿಯನ್ನು ಪಕ್ಕಕ್ಕೆ ತಂದು, ಸೀಟಿನಿಂದ ಅದಕ್ಕೆ ಜರುಗಿ ಕೂರಬೇಕಾದವರಿಗೆ ಇದಕ್ಕಿಂತ ಕಡಿಮೆ ಅಗಲ ಸಾಲದು.

ಹಿಂದೆ ಎರಡು ಹೆಚ್ಚುವರಿ ಚಕ್ರ ಜೋಡಿಸಿದ ಸ್ಕೂಟರಿನಲ್ಲಿ ಬರುವವರ ಕಷ್ಟವೇ ಬೇರೆ, ಅದು ಅಧಿಕಾರಿಗಳಿಗೆ ಬೇಗ ಅರ್ಥವಾಗುವುದೂ ಇಲ್ಲ. ಬೈಕುಗಳ ಸಾಲಿನಲ್ಲಿ ಬೆಳಿಗ್ಗೆ ಅದು ಹೇಗೋ ನಿಲ್ಲುತ್ತದೆ. ಸಂಜೆ ಹೊರಡುವ ಹೊತ್ತಿಗೆ ಎರಡೂ ಬದಿಗೆ ಒತ್ತಿ ನಿಲ್ಲಿಸಿದ ಬೈಕುಗಳ ನಡುವೆ ಊರುಗೋಲು ಊರಲೂ ಜಾಗವಿರುವುದಿಲ್ಲ, ಪಕ್ಕದ ಬೈಕನ್ನು ಸರಿಸಿಕೊಡಿ ಎಂದು ಯಾರನ್ನಾದರೂ ಕಾಯುತ್ತ ನಿಲ್ಲಬೇಕಾಗುತ್ತದೆ. ಆದ್ದರಿಂದ ಇಂಥವರು ಸಾಲಿನ ತುದಿಯ, ಹಿಂದಕ್ಕೆ ಎಳೆಯದೆ ತಿರುಗಿಸಿಕೊಂಡು ಹೊರಡಬಹುದಾದ ಜಾಗವನ್ನೇ ಕೇಳಬೇಕು.

ಮನವಿಯಲ್ಲಿ ಕಾಯಿಲೆಯ ಚರಿತ್ರೆ ಬೇಡ. 'ಊರುಗೋಲಿನ ನೆರವಿನಿಂದ ನಡೆಯುತ್ತೇನೆ, ಮೆಟ್ಟಿಲು ಹತ್ತಲಾಗದು, ಆದ್ದರಿಂದ ರ‍್ಯಾಂಪಿನ ಪಕ್ಕದ ಮೊದಲ ಜಾಗವನ್ನು ನನ್ನ ವಾಹನಕ್ಕೆ ಕಾಯ್ದಿರಿಸಬೇಕು' ಎಂಬಷ್ಟು ಬರೆದು, ವಾಹನದ ಸಂಖ್ಯೆ ನಮೂದಿಸಿ, ಯುಡಿಐಡಿ ಕಾರ್ಡಿನ (ವಿಕಲಚೇತನರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಪ್ರತಿ ಲಗತ್ತಿಸಿ, ಸ್ವೀಕೃತಿ ಪಡೆಯಿರಿ. ವಿಕಲಚೇತನರ ಹಕ್ಕುಗಳ ಅಧಿನಿಯಮ, 2016ರ 20ನೇ ಕಲಮಿನಂತೆ ಸರ್ಕಾರಿ ಸಂಸ್ಥೆಗಳು ಇಂಥ ಸೌಕರ್ಯ ಒದಗಿಸಲೇಬೇಕು. ಖಾಸಗಿ ಸಂಸ್ಥೆಗಳೂ 21ನೇ ಕಲಮಿನಂತೆ ಸಮಾನ ಅವಕಾಶ ನೀತಿಯನ್ನು ಪ್ರಕಟಿಸಬೇಕು. ನೌಕರರು 20 ಅಥವಾ ಹೆಚ್ಚಿದ್ದರೆ ವಿಕಲಚೇತನರಿಗೆ ಕೊಡುವ ಸೌಲಭ್ಯಗಳೂ ಸಂಪರ್ಕಾಧಿಕಾರಿಯ ನೇಮಕವೂ ಆ ನೀತಿಯಲ್ಲಿ ಇರಬೇಕು. ಮನವಿಗೆ ಮೊದಲು ಆ ನೀತಿಯ ಪ್ರತಿ ಕೇಳಿ ಓದಿಕೊಳ್ಳುವುದು ಜಾಣತನ.

ಜಾಗ ಮಂಜೂರಾದ ಮೇಲೆ ನೆಲಕ್ಕೆ ನೀಲಿ ಬಣ್ಣ ಬಳಿಸುವುದು ಸುಲಭ, ಅದನ್ನು ಖಾಲಿ ಉಳಿಸಿಕೊಳ್ಳುವುದು ಕಷ್ಟ. 'ಐದೇ ನಿಮಿಷ ಸಾರ್' ಎಂದು ಅತಿಥಿಗಳ ಕಾರು ಅಲ್ಲಿಗೇ ಬರುತ್ತದೆ. ಆದೇಶದ ಪ್ರತಿ ಗೇಟಿನ ಸೆಕ್ಯುರಿಟಿಯವರ ಬಳಿ ಇರಲಿ, ಪಾಳಿ ಬದಲಾದಾಗಲೂ ಓದುವಂತೆ ಅವರ ಪುಸ್ತಕದಲ್ಲಿ ನಿಮ್ಮ ವಾಹನದ ಸಂಖ್ಯೆ ಬರೆಸಿಡಿ. ಮತ್ತೆ ಮತ್ತೆ ತೊಂದರೆಯಾದರೆ ದಿನಾಂಕ ಕಾಣುವ ಫೋಟೋ ತೆಗೆದಿಡಿ. ಸರ್ಕಾರಿ ಕಚೇರಿಯಲ್ಲಿ ಕುಂದುಕೊರತೆ ಅಧಿಕಾರಿಗೆ ದೂರು ಕೊಟ್ಟರೆ ಅವರು ಎರಡು ವಾರದೊಳಗೆ ವಿಚಾರಣೆ ಮಾಡಬೇಕು, ಅಲ್ಲಿ ಪರಿಹಾರ ಸಿಗದಿದ್ದರೆ ವಿಕಲಚೇತನರ ವಿಷಯ ನೋಡುವ ಜಿಲ್ಲಾ ಸಮಿತಿಯಿದೆ. ಖಾಸಗಿ ಸಂಸ್ಥೆಯ ನೌಕರರು ಅದೇ ಫೋಟೋ ಮತ್ತು ಸ್ವೀಕೃತಿಯೊಂದಿಗೆ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಬಹುದು.