ಫೈರಿಂಗ್‌ಗೆ ಹೋಗುವ ಮಕ್ಕಳ ಕಿವಿ ಜೋಪಾನ

ನಮ್ಮ ಮಂಜೇಶ್ವರ, ಕುಂಬಳೆ, ಬದಿಯಡ್ಕ ಕಡೆಯಿಂದ ಎನ್‌ಸಿಸಿ ಕ್ಯಾಂಪಿಗೆ, ಅಗ್ನಿವೀರ್ ತರಬೇತಿಗೆ ಹೋಗಿ ರೈಫಲ್ ಹಾರಿಸುವ ಮಕ್ಕಳಿದ್ದಾರಲ್ವಾ, ಅವರ ಮನೆಯವರು ದಯವಿಟ್ಟು ಇದನ್ನು ಓದಿ. ಬ್ಯಾಗಿಗೆ ಎರಡು ಜೊತೆ ಫೋಮ್ ಇಯರ್‌ಪ್ಲಗ್ (ಕಿವಿಯೊಳಗೆ ಹಾಕುವ ಮೆತ್ತನೆಯ ಬಿರಡೆ) ಹಾಕಿ ಕಳಿಸಿ. ಬೆಲೆ ಜಾಸ್ತಿ ಇಲ್ಲ.

ಕುಂಬಳೆ ಜಾತ್ರೆಯ ಬೆಡಿ (ಸಿಡಿಮದ್ದು) ಕೇಳಿ ಬೆಳೆದವರಿಗೆ ಇದೇನು ಮಹಾ ಅನ್ನಬೇಡಿ. ಸೇನೆಯ ರೈಫಲ್ ಸದ್ದು ಹಾರಿಸುವವರ ಕಿವಿಯ ಬಳಿ 150 ಡೆಸಿಬಲ್ ದಾಟುತ್ತದೆ. 140 ದಾಟಿದರೆ ಒಂದೇ ಗುಂಡಿನ ಸದ್ದೂ ಕಿವಿಗೆ ಪೆಟ್ಟು ಕೊಡಬಹುದು. ಸದ್ದನ್ನು ಗ್ರಹಿಸುವ ಒಳಕಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಹತ್ತಿ ತುರುಕಿದರೆ ಏನೂ ಪ್ರಯೋಜನವಿಲ್ಲ.

ಪ್ಲಗ್ ಹಾಕುವ ರೀತಿ ಮುಖ್ಯ. ಸುಮ್ನೆ ಕಿವಿಯ ಬಾಯಿಗೆ ಒತ್ತಿದರೆ ಸಾಲದು. ಕೈ ತೊಳೆದು, ಪ್ಲಗ್ಗನ್ನು ಬೆರಳುಗಳ ನಡುವೆ ತೆಳ್ಳಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಒಳಗೆ ಹಾಕಬೇಕು. ಅದು ಉಬ್ಬುವವರೆಗೆ ಅರ್ಧ ನಿಮಿಷ ಬೆರಳಲ್ಲಿ ಹಿಡಿದಿರಬೇಕು. ಸರಿಯಾಗಿ ಕೂತರೆ ನಮ್ಮ ಮಾತೇ ನಮಗೆ ಗವಿಯೊಳಗೆ ಆಡಿದ ಹಾಗೆ ಕೇಳುತ್ತದೆ. ಮನೆಯಲ್ಲೇ ಅಭ್ಯಾಸ ಮಾಡಿಸಿ.

ಫೈರಿಂಗ್ ರೇಂಜಿನಲ್ಲಿ ಇಯರ್‌ಮಫ್ (ಹೊರಗಿನಿಂದ ಇಡೀ ಕಿವಿ ಮುಚ್ಚುವ ಸಾಧನ) ಕೊಟ್ಟರೆ ಪ್ಲಗ್ಗಿನ ಮೇಲೆ ಅದನ್ನೂ ಹಾಕಲಿ. ಪಕ್ಕದವರು ಹಾರಿಸುವಾಗಲೂ ತೆಗೆಯಬಾರದು. ಉಸ್ತಾದರ (ತರಬೇತಿ ಕೊಡುವವರ) ಆರ್ಡರ್ ಕೇಳಿಸುವುದಿಲ್ಲ ಅನ್ನುವ ಭಯವಿದ್ದರೆ ಕೈಸನ್ನೆ ಏನೆಂದು ಮೊದಲೇ ಕೇಳಿಕೊಳ್ಳಲಿ.

ಫೈರಿಂಗ್ ಮುಗಿದ ಮೇಲೆ ಕಿವಿಯಲ್ಲಿ ಗುಂಯ್ ಅನ್ನುವುದು ಮರುದಿನವೂ ನಿಲ್ಲದಿದ್ದರೆ, ಅಥವಾ ಮಾತು ಮಂದವಾಗಿ ಕೇಳಿದರೆ, ತಡ ಮಾಡದೆ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಕಿವಿಗೆ ಎಣ್ಣೆ ಮಾತ್ರ ಹಾಕಬೇಡಿ.