ಗ್ಯಾರೇಜಿನ ಮೇಲೊಂದು ಮನೆ: ಇಂಗ್ಲೆಂಡಿನಲ್ಲಿ ಕೋಚ್ ಹೌಸ್ ಕೊಳ್ಳುವ ಮುನ್ನ

ರೆಡಿಂಗ್‌ನಲ್ಲಿ ಕೆಲಸ, ಬ್ಯಾಂಕಿನಲ್ಲಿ ಒಂದಿಷ್ಟು ಉಳಿತಾಯ, ಊರೊಳಗೇ ಒಂದು ಟೌನ್‌ಹೌಸ್ ಬೇಕೆಂಬ ಆಸೆ, ಬೆಲೆ ಮಾತ್ರ ಕೈಗೆಟುಕುತ್ತಿಲ್ಲ. ಇಂಥ ಕುಟುಂಬಗಳು ನಮ್ಮ ಯುಗಾದಿ, ದೀಪಾವಳಿ ಕೂಟಗಳಲ್ಲಿ ನನಗೆ ಸಿಗುತ್ತಲೇ ಇರುತ್ತವೆ. ಕೋಚ್ ಹೌಸನ್ನೂ ಒಮ್ಮೆ ನೋಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಾವು ಸ್ವಿಂಡನ್‌ನಲ್ಲಿ ಅಂಥದ್ದೇ ಮನೆಯಲ್ಲಿದ್ದೇವೆ, ನೆಮ್ಮದಿಯಾಗಿದ್ದೇವೆ. ಆದರೆ ಈ ಮನೆಯನ್ನು ನೋಡುವ ಕ್ರಮ ಬೇರೆ. ಅಡುಗೆಮನೆ, ಬಾತ್‌ರೂಮು ಎಲ್ಲ ಆಮೇಲೆ. ಕಾಲಡಿಯ ಜಾಗ ಯಾರದು, ಯಾವ ಕಾಗದದ ಮೇಲೆ ಅವರದು ಅನ್ನುವುದು ಮೊದಲು ಗೊತ್ತಾಗಬೇಕು.

ಹಳೆಯ ಕಾಲದ ಕೋಚ್ ಹೌಸುಗಳು ಲಂಡನ್ನಿನ ಕೆನ್ಸಿಂಗ್ಟನ್, ಮ್ಯಾರಿಲಬೋನ್ ಕಡೆ ದೊಡ್ಡ ಮನೆಗಳ ಹಿಂದಿನ ಗಲ್ಲಿಗಳಲ್ಲಿವೆ. ಕೆಳಗೆ ಸಾರೋಟು, ಕುದುರೆ. ಮೇಲೆ ಸಾರೋಟು ಓಡಿಸುವವನ ವಾಸ. ಅವು ಈಗ ಸಿರಿವಂತರ ಸೊತ್ತು, ಅವುಗಳ ವಿಷಯ ಇಲ್ಲಿ ಬೇಡ. ನಾನು ಹೇಳುತ್ತಿರುವುದು ಹೊಸ ಬಡಾವಣೆಗಳಲ್ಲಿ ಬಿಲ್ಡರ್‌ಗಳು ಕಟ್ಟುವ ಕೋಚ್ ಹೌಸ್. ಹಿಂಬದಿಯ ಪಾರ್ಕಿಂಗ್ ಅಂಗಳದ ಮೂಲೆಯಲ್ಲಿ ಎರಡು, ಮೂರು ಗ್ಯಾರೇಜುಗಳು. ಕೆಲವು ಕಡೆ ಪಕ್ಕದಲ್ಲೇ ಕಾರು ಹಾಯುವ ಕಮಾನು. ಅದರ ಮೇಲೆ ಸಾಮಾನ್ಯವಾಗಿ ಎರಡು ಬೆಡ್‌ರೂಮಿನ ಮನೆ. ನೆಲಮಟ್ಟದಲ್ಲಿ ನಿಮ್ಮದೇ ಮುಂಬಾಗಿಲು, ಒಳಗೆ ಹೆಜ್ಜೆಯಿಟ್ಟರೆ ನೇರ ಮೆಟ್ಟಿಲು. ಎಷ್ಟೋ ಕಡೆ ಅಕ್ಕಪಕ್ಕದ ಮನೆಗೆ ಗೋಡೆ ತಾಗುವುದೂ ಇಲ್ಲ. ತಲೆಯ ಮೇಲೆ ಇನ್ನೊಬ್ಬರು ಓಡಾಡುವುದಿಲ್ಲ. ನಾನು ಬೆಳಿಗ್ಗೆ ಆರಕ್ಕೇ ಗ್ರೈಂಡರ್ ಹಾಕುತ್ತೇನೆ, ಯಾರ ನಿದ್ದೆಯೂ ಕೆಡುವುದಿಲ್ಲ. ಮೂರಂತಸ್ತಿನ ಟೌನ್‌ಹೌಸಿನಲ್ಲಿ ಎರಡೂ ಬದಿಗೆ ನೆರೆಯವರ ಗೋಡೆ ಇರುತ್ತದೆ, ಈ ಸ್ವಾತಂತ್ರ್ಯ ಅಲ್ಲಿ ಸಿಗದು.

ಹಣದ ಲೆಕ್ಕದಲ್ಲಿ ನಮ್ಮವರು ಎಡವುವುದು ಸ್ಟ್ಯಾಂಪ್ ಡ್ಯೂಟಿಯಲ್ಲಿ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. 2025ರ ಏಪ್ರಿಲ್ 1ರಿಂದ ಇಂಗ್ಲೆಂಡಿನಲ್ಲಿರುವ ದರದಂತೆ, ಮೊದಲ ಬಾರಿ ಮನೆ ಕೊಳ್ಳುವವರಿಗೆ 3,00,000 ಪೌಂಡ್‌ವರೆಗೆ ಡ್ಯೂಟಿ ಇಲ್ಲ, ಅಲ್ಲಿಂದ 5,00,000ದವರೆಗಿನ ಭಾಗಕ್ಕೆ ಶೇ. 5. ಉದಾಹರಣೆಗೆ 2,80,000 ಪೌಂಡಿನ ಕೋಚ್ ಹೌಸಿಗೆ ಸೊನ್ನೆ, 4,00,000ದ ಟೌನ್‌ಹೌಸಿಗೆ 5,000 ಪೌಂಡ್. ಆದರೆ ‘ಮೊದಲ ಬಾರಿ’ ಅಂದರೆ ಪ್ರಪಂಚದಲ್ಲಿ ಎಲ್ಲೂ ಹಿಂದೆ ಮನೆ ಇದ್ದಿರಬಾರದು. ಬೆಂಗಳೂರಿನ ವೈಟ್‌ಫೀಲ್ಡಿನಲ್ಲಿ ಬಾಡಿಗೆಗೆ ಕೊಟ್ಟಿರುವ ಫ್ಲ್ಯಾಟೂ ಲೆಕ್ಕಕ್ಕೆ ಬರುತ್ತದೆ. ಅದು ಗಂಡನ ಹೆಸರಿನಲ್ಲಿರಲಿ, ಹೆಂಡತಿಯ ಹೆಸರಿನಲ್ಲಿರಲಿ, ದಂಪತಿಯನ್ನು ಒಟ್ಟಾಗಿಯೇ ನೋಡುತ್ತಾರೆ. ಆ ಫ್ಲ್ಯಾಟನ್ನು ಉಳಿಸಿಕೊಂಡೇ ಇಲ್ಲಿ ಕೊಂಡರೆ ರಿಯಾಯಿತಿ ಹೋಗುವುದಷ್ಟೇ ಅಲ್ಲ, ಪೂರ್ತಿ ಬೆಲೆಯ ಮೇಲೆ ಹೆಚ್ಚುವರಿ ಶೇ. 5 ಬೀಳುತ್ತದೆ. ಅದೇ 2,80,000ದ ಮನೆಗೆ ಆಗ 18,000 ಪೌಂಡ್ ಕಟ್ಟಬೇಕು! ಊರಿನ ಹಿರಿಯರ ಮನೆಯಲ್ಲಿ ಪಾಲು ಇದ್ದರೆ ಅದನ್ನೂ ಸಾಲಿಸಿಟರ್‌ಗೆ, ಅಂದರೆ ಖರೀದಿಯ ಕಾಗದಪತ್ರ ನೋಡುವ ವಕೀಲರಿಗೆ, ಮೊದಲ ದಿನವೇ ಹೇಳಿ. ‘ಅಲ್ಲಿಯದು ಇಲ್ಲಿ ಯಾರಿಗೆ ಗೊತ್ತಾಗುತ್ತೆ’ ಎಂದು ಸಲಹೆ ಕೊಡುವವರಿದ್ದಾರೆ. ದಯವಿಟ್ಟು ಆ ಮಾತಿಗೆ ಕಿವಿಗೊಡಬೇಡಿ.

ಇನ್ನು ಕಾಲಡಿಯ ಜಾಗ.

ಕೋಚ್ ಹೌಸಿನ ಒಡೆತನ ಮುಖ್ಯವಾಗಿ ಮೂರು ಬಗೆಯಲ್ಲಿ ಇರುತ್ತದೆ, ಜಾಹೀರಾತಿನಲ್ಲಿ ಬರೀ ಫ್ರೀಹೋಲ್ಡ್ (ಕಾಲಮಿತಿಯಿಲ್ಲದ ಪೂರ್ಣ ಒಡೆತನ) ಎಂದು ಬರೆದಿದ್ದರೆ ಅದು ಸಾಲದು. ನನ್ನ ಪ್ರಕಾರ ಒಳ್ಳೆಯ ಏರ್ಪಾಡು ಇದು: ನೆಲ, ಗ್ಯಾರೇಜು, ಮನೆ ಎಲ್ಲದರ ಫ್ರೀಹೋಲ್ಡೂ ನಿಮ್ಮದೇ, ಒಂದು ಗ್ಯಾರೇಜು ನಿಮ್ಮ ಬಳಕೆಗೆ, ಉಳಿದವನ್ನು ನೆರೆಯವರಿಗೆ 999 ವರ್ಷಗಳ ಲೀಸಿಗೆ ಕೊಟ್ಟಿರುತ್ತದೆ. ಅಂದರೆ ಕಾಗದದಲ್ಲಿ ನೀವು ಅವರಿಗೆ ಜಾಗದ ಒಡೆಯರು. ಬಾಡಿಗೆ ಏನೂ ಬರುವುದಿಲ್ಲ, ಜವಾಬ್ದಾರಿ ಮಾತ್ರ ಬರುತ್ತದೆ. ಇಡೀ ಕಟ್ಟಡದ ಇನ್ಶೂರೆನ್ಸ್ ನೀವೇ ಮಾಡಿಸಬೇಕು, ಸೂರು, ತಳಪಾಯ ನೀವೇ ನೋಡಿಕೊಳ್ಳಬೇಕು. ಗ್ಯಾರೇಜಿನವರು ಅದಕ್ಕೆ ತಮ್ಮ ಪಾಲು ಕೊಡಬೇಕೆಂದು ಲೀಸಿನಲ್ಲಿ ಬರೆದಿದೆಯೇ, ಎಷ್ಟು ಪಾಲು ಎಂದು ಓದಿ. ಪೆಟ್ರೋಲ್, ಗ್ಯಾಸ್ ಸಿಲಿಂಡರ್ ಇಡಬಾರದು, ಕಾರು ರಿಪೇರಿ ವ್ಯಾಪಾರ ಮಾಡಬಾರದು ಎಂಬ ಷರತ್ತುಗಳು ಇರಲೇಬೇಕು, ಏಕೆಂದರೆ ಅದರ ನೇರ ಮೇಲೆ ಮಲಗುವುದು ನಿಮ್ಮ ಮಕ್ಕಳು.

ಎರಡನೆಯದು, ಮನೆಯೇ ಲೀಸ್‌ಹೋಲ್ಡ್, ಅಂದರೆ ಇಂತಿಷ್ಟು ವರ್ಷಕ್ಕೆ ಮಾತ್ರ ನಿಮ್ಮದು. ತಳ್ಳಿಹಾಕಬೇಕಾಗಿಲ್ಲ, ಆದರೆ ಎಷ್ಟು ವರ್ಷ ಉಳಿದಿದೆ ಎಂದು ಕೇಳಿ. ಇಲ್ಲಿಯತನಕದ ಲೆಕ್ಕದಲ್ಲಿ ಲೀಸು 80 ವರ್ಷಕ್ಕಿಂತ ಕೆಳಗಿಳಿದರೆ ಅದನ್ನು ವಿಸ್ತರಿಸುವ ಖರ್ಚು ಜೋರಾಗಿ ಏರುತ್ತದೆ. 2022ರ ಜೂನ್ 30ರಿಂದ ಈಚೆಗೆ ಮಾಡಿದ ಹೊಸ ಲೀಸುಗಳಿಗೆ ಸಾಮಾನ್ಯವಾಗಿ ನೆಲಬಾಡಿಗೆ ಇಲ್ಲ. ಅದಕ್ಕೂ ಹಳೆಯವಾದರೆ ಬಾಡಿಗೆ ಇಂತಿಷ್ಟು ವರ್ಷಕ್ಕೊಮ್ಮೆ ದುಪ್ಪಟ್ಟಾಗುವ ಷರತ್ತು ಇದೆಯೇ ಎಂದು ಹುಡುಕಿ.

ಮೂರನೆಯದರ ಬಗ್ಗೆ ನನಗೆ ನಿಜವಾದ ಭಯವಿದೆ. ಕೆಳಗಿನ ಗ್ಯಾರೇಜು ಬೇರೆಯವರ ಫ್ರೀಹೋಲ್ಡ್, ಮೇಲಿನ ಮನೆ ನಿಮ್ಮ ಫ್ರೀಹೋಲ್ಡ್. ಇದನ್ನು ಫ್ಲೈಯಿಂಗ್ ಫ್ರೀಹೋಲ್ಡ್ ಎನ್ನುತ್ತಾರೆ. ಇಂಗ್ಲೆಂಡಿನ ಕಾನೂನಿನಲ್ಲಿ ‘ನಾನು ಇದನ್ನು ದುರಸ್ತಿಯಲ್ಲಿ ಇಡುತ್ತೇನೆ’ ಎಂದು ಒಬ್ಬ ಫ್ರೀಹೋಲ್ಡರ್ ಬರೆದುಕೊಟ್ಟ ಮಾತು, ಅವನಿಂದ ಆಸ್ತಿ ಕೊಂಡವನನ್ನು ಕಟ್ಟಿಹಾಕುವುದಿಲ್ಲ. 1994ರ ರೋನ್ ವಿರುದ್ಧ ಸ್ಟೀಫನ್ಸ್ ಪ್ರಕರಣ ಇಂಥದ್ದೇ. ಸಾಮರ್ಸೆಟ್‌ನಲ್ಲಿ ಒಂದು ಮನೆಯ ಸೂರು ಪಕ್ಕದ ಕಾಟೇಜಿನ ಮೇಲೂ ಚಾಚಿತ್ತು. ಆ ಭಾಗವನ್ನು ನೀರು ಸೋರದಂತೆ ನೋಡಿಕೊಳ್ಳುತ್ತೇವೆಂದು ಮನೆಯವರು 1960ರಲ್ಲಿ ಬರೆದುಕೊಟ್ಟಿದ್ದರು. ಮುಂದೆ ಎರಡೂ ಕಡೆ ಒಡೆಯರು ಬದಲಾದರು, ಸೂರು ಸೋರಿತು, ಕಾಟೇಜಿನವರು ಆಗಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಗಿ ಸೋತರು. ಅಲ್ಲಿ ಸೋರಿದ್ದು ಮೇಲಿನ ಸೂರು. ನಿಮ್ಮ ವಿಷಯದಲ್ಲಿ ಕೆಳಗಿನ ಗ್ಯಾರೇಜಿನ ಗೋಡೆ ಬಿರುಕು ಬಿಡಬಹುದು, ಅದನ್ನು ಈಗಿನ ಒಡೆಯನಿಂದ ರಿಪೇರಿ ಮಾಡಿಸುವುದು ಅಷ್ಟೇ ಕಷ್ಟ. ಸಾಲ ಕೊಡುವ ಬ್ಯಾಂಕುಗಳು ಇದಕ್ಕೇ ಮುಖ ಸಿಂಡರಿಸುತ್ತವೆ. 999 ವರ್ಷದ ಲೀಸಿನಲ್ಲಾದರೆ ಷರತ್ತುಗಳು ಮುಂದೆ ಲೀಸು ಕೊಳ್ಳುವವರಿಗೂ ಅಂಟಿಕೊಂಡೇ ಹೋಗುತ್ತವೆ. ಆ ಏರ್ಪಾಡು ನನಗೆ ಇಷ್ಟವಾಗಲು ಕಾರಣ ಅದೇ.

ಇದನ್ನೆಲ್ಲ ತಿಳಿಯಲು ಏಜೆಂಟರ ಬಾಯಿ ಕಾಯಬೇಕಾಗಿಲ್ಲ. ಎಚ್.ಎಂ. ಲ್ಯಾಂಡ್ ರಿಜಿಸ್ಟ್ರಿಯ ಸರ್ಕಾರಿ ತಾಣದಲ್ಲಿ ಟೈಟಲ್ ರಿಜಿಸ್ಟರ್ (ಒಡೆತನದ ದಾಖಲೆ), ಟೈಟಲ್ ಪ್ಲಾನ್ (ಜಾಗದ ನಕ್ಷೆ) ಎರಡೂ ತಲಾ 7 ಪೌಂಡಿಗೆ ಸಿಗುತ್ತವೆ. ಪ್ಲಾನಿನಲ್ಲಿ ನಿಮ್ಮ ಜಾಗದ ಸುತ್ತ ಕೆಂಪು ಗೆರೆ ಇರುತ್ತದೆ. ಗ್ಯಾರೇಜುಗಳು ಗೆರೆಯ ಒಳಗಿವೆಯೇ, ಹೊರಗಿವೆಯೇ ನೋಡಿ. ರಿಜಿಸ್ಟರಿನಲ್ಲಿ ಯಾರ್‍ಯಾರಿಗೆ ಲೀಸು ಹೋಗಿದೆ ಎಂಬ ಪಟ್ಟಿ ಸಿಗುತ್ತದೆ. ಆಫರ್ ಕೊಡುವ ಮೊದಲೇ ಇದನ್ನು ತೆಗೆಸಿ ಓದಿ. ಬಡಾವಣೆಯ ರಸ್ತೆ, ಹುಲ್ಲುಹಾಸು ಕೌನ್ಸಿಲ್‌ನವರ ಸುಪರ್ದಿಗೆ ಹೋಗದಿದ್ದರೆ ವರ್ಷವರ್ಷ ಎಸ್ಟೇಟ್ ಚಾರ್ಜ್ ಬೇರೆ ಇರುತ್ತದೆ, ಅದರ ಹಿಂದಿನ ವರ್ಷಗಳ ಬಿಲ್ಲುಗಳನ್ನು ಕೇಳಿ.

ಮನೆ ನೋಡಲು ಚಳಿಗಾಲದ ಸಂಜೆ ಹೋಗಿ. ಕೆಲಸ ಬಿಟ್ಟು ಬಂದವರು ಗ್ಯಾರೇಜಿನ ಬಾಗಿಲು ಎಳೆಯುವ ಹೊತ್ತಿಗೆ ಬೆಡ್‌ರೂಮಿನಲ್ಲಿ ನಿಂತು ಕೇಳಿಸಿಕೊಳ್ಳಿ. ಕಬ್ಬಿಣದ ಬಾಗಿಲಿನ ಸದ್ದು ಇರುವುದು ಕೆಲವೇ ಕ್ಷಣ, ಆದರೆ ಯಾವ ಕೋಣೆಯ ಕೆಳಗೆ ಅನ್ನುವುದು ಮುಖ್ಯ. ಶೂ ಬಿಚ್ಚಿ ಬರಿಗಾಲಲ್ಲಿ ಓಡಾಡಿ. ಗ್ಯಾರೇಜಿಗೆ ಹೀಟಿಂಗ್ ಇರುವುದಿಲ್ಲವಲ್ಲ, ಇನ್ಸುಲೇಷನ್ ಸರಿಯಿಲ್ಲದಿದ್ದರೆ ಚಳಿ ನೆಲದಿಂದಲೇ ಏರುತ್ತದೆ. ಮನೆಗೆ ಎಷ್ಟು ಇಂಧನ ಬೇಕೆಂದು ಅಕ್ಷರದ ದರ್ಜೆಯಲ್ಲಿ ತೋರಿಸುವ ಇ.ಪಿ.ಸಿ. ಕಾಗದದಲ್ಲಿ ನೆಲದ ಸಾಲಿಗೆ ಏನು ಬರೆದಿದ್ದಾರೆಂದು ನೋಡಿ. ಎಲ್ಲರೂ ಮೇಲಿನ ಅಕ್ಷರ ನೋಡಿ ಸುಮ್ಮನಾಗುತ್ತಾರೆ. ಕೆಳಗಿಳಿದು ಗ್ಯಾರೇಜಿನ ಚಾವಣಿಗೆ ಟಾರ್ಚ್ ಬಿಡಿ. ಅದು ಬೆಂಕಿ ತಡೆಯುವ ಪದರ. ಯಾರಾದರೂ ದೀಪಕ್ಕೋ ಕೊಕ್ಕೆಗೋ ತೂತು ಕೊರೆದಿದ್ದರೆ ಸರ್ವೇಯರ್‌ಗೆ ತೋರಿಸಿ, ಮುಚ್ಚಿಸದೆ ಮುಂದುವರಿಯಬೇಡಿ. ಬೆಂಕಿ ಬಿದ್ದರೆ ಮೆಟ್ಟಿಲ ದಾರಿ ಒಂದೇ, ಹಾಗಾಗಿ ಬೆಡ್‌ರೂಮಿನ ಕಿಟಕಿಯಿಂದ ಮನುಷ್ಯ ಹೊರಬರುವಂತಿರಬೇಕು. ಇಲ್ಲಿಯ ಕಟ್ಟಡ ಮಾರ್ಗಸೂಚಿಯ ಪ್ರಕಾರ ಅಂಥ ಕಿಟಕಿಯ ತೆರೆದ ಭಾಗ ಕನಿಷ್ಠ 0.33 ಚದರ ಮೀಟರ್, ಎತ್ತರ ಅಗಲ ಎರಡೂ 450 ಮಿಲಿಮೀಟರಿಗೆ ಕಡಿಮೆಯಿಲ್ಲದಂತೆ. ಟೇಪು ತೆಗೆದುಕೊಂಡು ಹೋಗಿ. ಅದೇ ಟೇಪಿನಲ್ಲಿ ಗ್ಯಾರೇಜಿನ ಅಗಲವನ್ನೂ ಅಳೆಯಿರಿ; ಕಾರು ಒಳಗೆ ಹೋದರೂ ಅದರ ಬಾಗಿಲು ತೆರೆಯದಂಥ ಗ್ಯಾರೇಜುಗಳು ಬೇಕಾದಷ್ಟಿವೆ.

ಯಾರಿಗೆ ಈ ಮನೆ ಬೇಡ ಎಂದೂ ಹೇಳಬೇಕು. ಅಪ್ಪ ಅಮ್ಮ ಊರಿನಿಂದ ಬಂದು ತಿಂಗಳುಗಟ್ಟಲೆ ಇರುವವರಾದರೆ, ಅವರಿಗೆ ಮಂಡಿನೋವಿದ್ದರೆ, ಟೌನ್‌ಹೌಸೇ ವಾಸಿ; ಅಲ್ಲಿಯೂ ಮೆಟ್ಟಿಲಿದೆ, ಆದರೆ ನೆಲಮಹಡಿಯಲ್ಲಿ ಕೂರಲು ಜಾಗ, ಹೆಚ್ಚಿನ ಕಡೆ ಒಂದು ಟಾಯ್ಲೆಟ್ ಇರುತ್ತದೆ. ನಮ್ಮ ಅತ್ತೆ ಬಂದಾಗ ಮನೆಯಿಂದ ಹೊರಗೆ ಕಾಲಿಡುವುದೇ ಕಡಿಮೆ, ಮೆಟ್ಟಿಲಿನದೇ ಯೋಚನೆ. ಹಿತ್ತಲೂ ಇಲ್ಲ. ಬಟ್ಟೆ ಒಣಗುವುದು ರೇಡಿಯೇಟರಿನ ಪಕ್ಕದ ಸ್ಟ್ಯಾಂಡಿನಲ್ಲಿ, ತುಳಸಿ ಅಡುಗೆಮನೆಯ ಕಿಟಕಿಯಲ್ಲಿ. ಮುಂದೆ ಇನ್ನೊಂದು ರೂಮು ಸೇರಿಸೋಣ ಎಂದರೆ ಪಕ್ಕಕ್ಕೂ ಕೆಳಕ್ಕೂ ಜಾಗವಿರುವುದಿಲ್ಲ. ಇಬ್ಬರೇ ಇರುವವರಿಗೆ, ಒಂದು ಮಗುವಿರುವ ಮನೆಗೆ ಇದು ಹೇಳಿ ಮಾಡಿಸಿದ್ದು.

ತೀರ್ಮಾನಿಸಿದರೆ, ಸಾಲದ ಅರ್ಜಿ ಹಾಕುವ ಮೊದಲೇ ಮಾರ್ಟ್‌ಗೇಜ್ ಬ್ರೋಕರ್‌ಗೆ (ಮನೆಸಾಲ ಕೊಡಿಸುವ ಮಧ್ಯವರ್ತಿಗೆ) ‘ಬೇರೆಯವರ ಗ್ಯಾರೇಜುಗಳ ಮೇಲಿರುವ ಕೋಚ್ ಹೌಸ್’ ಎಂದು ಸ್ಪಷ್ಟವಾಗಿ ಹೇಳಿ. ಬ್ಯಾಂಕಿನ ವ್ಯಾಲ್ಯುಯರ್ ಬಂದು ನೋಡಿದ ಮೇಲೆ ಇಲ್ಲವೆಂದರೆ ವಾರಗಟ್ಟಲೆ ಸಮಯ ಹಾಳು, ಸರ್ವೆಗೆ ಕೊಟ್ಟ ಹಣವೂ ಹೋಯಿತು. ಇನ್ಶೂರೆನ್ಸಿನವರಿಗೂ ಇದೇ ಮಾತು ಇಮೇಲಿನಲ್ಲಿ ಹೋಗಲಿ. ಎಷ್ಟು ಗ್ಯಾರೇಜು, ಅದರಲ್ಲಿ ನಿಮ್ಮದು ಯಾವುದು ಎಂದು ಬರೆದು, ಇಡೀ ಕಟ್ಟಡಕ್ಕೆ ಕವರ್ ಇದೆಯೆಂಬ ಉತ್ತರವನ್ನು ಬರಹದಲ್ಲೇ ತರಿಸಿಕೊಳ್ಳಿ. ಹಳೆಯ ಮನೆಯನ್ನು ಮಾಲೀಕರಿಂದ ಕೊಳ್ಳುವಾಗ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ ಆದ, ಅಂದರೆ ಎರಡೂ ಕಡೆಯವರನ್ನು ಕಟ್ಟಿಹಾಕುವ ಕರಾರು ವಿನಿಮಯವಾದ ದಿನದಿಂದಲೇ ಸಾಮಾನ್ಯವಾಗಿ ಹಾನಿಯ ಹೊಣೆ ಕೊಳ್ಳುವವರದು. ಆದ್ದರಿಂದ ಪಾಲಿಸಿ ಕೀ ಸಿಗುವ ದಿನಕ್ಕಲ್ಲ, ಎಕ್ಸ್‌ಚೇಂಜ್ ದಿನಕ್ಕೆ ಶುರುವಾಗುವಂತೆ ಮಾಡಿಸಿ.