ಚಳಿಗಾಲದಲ್ಲಿ ಎಲೆಕ್ಟ್ರಿಕ್ ಕಾರು ಘಟ್ಟ ಹತ್ತಿಸುವುದು ಹೇಗೆ?

ಹೋದ ಜನವರಿ ಕೊನೆಯಲ್ಲಿ ಶಿರಸಿಯಲ್ಲಿ ನಮ್ಮ ಮನೆಯ ಹುಡುಗನ ಉಪನಯನ ಇತ್ತು. ಭಾವ ಬೆಳಗಿನ ಜಾವ ಕುಮಟಾದಿಂದ ಹೊಸ ಎಲೆಕ್ಟ್ರಿಕ್ ಕಾರಿನಲ್ಲಿ ಹೊರಟರು. ಬ್ಯಾಟರಿ ಶೇ 60 ಇತ್ತು. ಪರದೆ 126 ಕಿ.ಮೀ. ಹೋಗಬಹುದು ಅಂತ ತೋರಿಸುತ್ತಿತ್ತು. ದಾರಿ ಇರುವುದು ಸುಮಾರು 60 ಕಿ.ಮೀ. ಚಳಿ ಅಂತ ಹೀಟರ್ ಹಾಕಿಕೊಂಡರು. ದೇವಿಮನೆ ಘಟ್ಟ ಹತ್ತಿ ಮೇಲೆ ಬರುವಷ್ಟರಲ್ಲಿ 126 ಇದ್ದದ್ದು 55ಕ್ಕೆ ಇಳಿದಿತ್ತು. ಅರ್ಧ ದಾರಿಗೆ 71 ಖರ್ಚಾದರೆ ಇನ್ನರ್ಧಕ್ಕೆ 55 ಸಾಲುತ್ತದೆಯೇ ಅಂತ ಹೆದರಿ, ಅಲ್ಲಿಂದಲೇ ಕಾರು ತಿರುಗಿಸಿ ಕುಮಟಾಕ್ಕೆ ವಾಪಸ್ ಹೋದರು. ಉಪನಯನ ತಪ್ಪಿತು.

ಅವರ ಕಾರು ಆರಾಮಾಗಿ ಶಿರಸಿ ತಲುಪುತ್ತಿತ್ತು. ಅದನ್ನು ಅವರಿಗೆ ಆಮೇಲೆ ಕಾಗದದ ಮೇಲೆ ಬರೆದು ತೋರಿಸಿದೆ. ಅದೇ ಲೆಕ್ಕವನ್ನು ಇಲ್ಲಿ ಬರೆಯುತ್ತಿದ್ದೇನೆ. ಕೊನೆಕೊಯ್ಲು (ಅಡಿಕೆ ಕೊಯ್ಲು), ಮದುವೆ, ಉಪನಯನ ಅಂತ ಚಳಿಗಾಲದಲ್ಲೇ ನಮ್ಮ ಕಡೆ ಘಟ್ಟದ ಓಡಾಟ ಜಾಸ್ತಿ.

1. ಚಕ್ರದ ಗಾಳಿ

ಹೊರಡುವ ದಿನ ಬೆಳಿಗ್ಗೆ, ಕಾರು ಒಂದು ಸುತ್ತೂ ಓಡುವ ಮುಂಚೆ ಗಾಳಿ ನೋಡಿ. ಚಾಲಕನ ಬಾಗಿಲಿನ ಹತ್ತಿರ ಅಂಟಿಸಿದ ಚೀಟಿಯಲ್ಲಿ ಎಷ್ಟಿದೆಯೋ ಅಷ್ಟೇ ಇರಲಿ. ನಾಲ್ಕು ಜನ, ಲಗೇಜು ಇದ್ದರೆ ಅದರಲ್ಲೇ ಬೇರೆ ಅಂಕಿ ಕೊಟ್ಟಿರುತ್ತಾರೆ.

ಸುಮಾರು 5.5 ಡಿಗ್ರಿ ತಂಪಾದರೆ ಟೈರಿನ ಒತ್ತಡ 1 ಪಿಎಸ್‌ಐ ಇಳಿಯುತ್ತದೆ. ಕಾರವಾರದಲ್ಲಿ 32 ಡಿಗ್ರಿ ಮಧ್ಯಾಹ್ನ ಹಾಕಿಸಿದ ಗಾಳಿ, ಶಿರಸಿಯ 14 ಡಿಗ್ರಿ ಬೆಳಿಗ್ಗೆಗೆ 3 ಪಿಎಸ್‌ಐ ಕಡಿಮೆಯಾಗಿರುತ್ತದೆ. ಶಿರಸಿ ಸಮುದ್ರಮಟ್ಟಕ್ಕಿಂತ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ಮೀಟರ್ 1 ಪಿಎಸ್‌ಐ ಜಾಸ್ತಿ ತೋರಿಸುತ್ತದೆ. ಎರಡೂ ಸೇರಿ 2 ಪಿಎಸ್‌ಐ ಕಡಿಮೆ ಅಂತ ಇಟ್ಟುಕೊಳ್ಳಿ. ಗಾಳಿ ಕಡಿಮೆ ಇದ್ದರೆ ಟೈರು ರಸ್ತೆಗೆ ಜಾಸ್ತಿ ಅಂಟಿಕೊಂಡು ಉರುಳುತ್ತದೆ, ಬ್ಯಾಟರಿ ಬೇಗ ಕರಗುತ್ತದೆ. ಬಂಕಿನ ಮೀಟರ್ ನಂಬಬೇಡಿ. ಸ್ವಂತ ಗೇಜು ಒಂದು ಕಾರಿನಲ್ಲೇ ಇರಲಿ. ನೈಟ್ರೋಜನ್‌ಗೆ ದುಡ್ಡು ಕೊಡುವುದೂ ಬೇಡ, ಸಾದಾ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ.

ಕೆನಡಾ, ನಾರ್ವೆಯಲ್ಲಿರುವ ಮಕ್ಕಳು ಕಳಿಸಿದ ವಿಡಿಯೋ ನೋಡಿ 'ನಮಗೂ ವಿಂಟರ್ ಟೈರ್ ಬೇಕಾ?' ಅಂತ ಕೇಳುವವರಿದ್ದಾರೆ. ಬೇಡವೇ ಬೇಡ. ಆ ಟೈರಿನ ರಬ್ಬರು ಮೆತ್ತಗೆ. 7 ಡಿಗ್ರಿಗಿಂತ ಕೆಳಗೆ, ಹಿಮದ ಮೇಲೆ ಹಿಡಿತ ಸಿಗಲಿ ಅಂತ ಹಾಗೆ ಮಾಡಿರುತ್ತಾರೆ. ನಾರ್ವೆಯಲ್ಲಿ 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ 100ಕ್ಕೆ ಸುಮಾರು 89 ಎಲೆಕ್ಟ್ರಿಕ್. ಅಲ್ಲಿ ಬ್ಯಾಟರಿಯೇ ಹೆಪ್ಪುಗಟ್ಟುವ ಚಳಿಯಲ್ಲಿ ನಿಂತಿರುತ್ತದೆ, ಅದರ ಒಳಗಿನ ತಡೆ ಹೆಚ್ಚುತ್ತದೆ, ಹೀಟರ್ ಇಡೀ ದಿನ ಓಡುತ್ತದೆ. ಅವರ ಕಷ್ಟ ನಮ್ಮದಲ್ಲ. ನಮ್ಮ ರಸ್ತೆಯ ಬಿಸಿಗೆ ಆ ಟೈರು ಬೇಗ ಸವೆಯುತ್ತದೆ, ರೇಂಜೂ (ಒಂದು ಚಾರ್ಜಿಗೆ ಓಡುವ ದೂರ) ಇಳಿಯುತ್ತದೆ. ಕಾಡು ರಸ್ತೆಗೆ ಅಂತ ಅಗಲದ, ದಪ್ಪ ಗುಬ್ಬಿಯ ಟೈರು ಹಾಕಿಸುವುದೂ ಅದೇ ತಪ್ಪು. ಕಾರಿನ ಜೊತೆ ಬಂದ ಅಳತೆಯನ್ನೇ ಮುಂದುವರಿಸಿ.

2. ಕಿಲೋಮೀಟರ್ ಮರೆತು ಯುನಿಟ್ ಹಿಡಿಯಿರಿ

ಎಲ್ಲರೂ ಎಡವುವುದು ಇಲ್ಲೇ. ಪರದೆ ಮೇಲಿನ ಕಿಲೋಮೀಟರ್ ನೀವು ಮೊನ್ನೆ ನಿನ್ನೆ ಓಡಿಸಿದ ರಸ್ತೆಯ ಲೆಕ್ಕ. ಮುಂದೆ ಘಟ್ಟ ಇದೆ ಅಂತ ಅದಕ್ಕೆ ಗೊತ್ತಿಲ್ಲ. ಸಪಾಟು ಕರಾವಳಿಯಲ್ಲಿ ಓಡಿಸಿದ್ದರೆ ದೊಡ್ಡ ಅಂಕಿ ತೋರಿಸುತ್ತದೆ, ಘಟ್ಟ ಹತ್ತುವಾಗ ಗಾಬರಿಯಾಗುವಂತೆ ಇಳಿಸುತ್ತದೆ. ಎರಡನ್ನೂ ನಂಬಬೇಡಿ.

ಬ್ಯಾಟರಿಯಲ್ಲಿ ಇರುವುದು ಯುನಿಟ್. ಮನೆಯ ಕರೆಂಟ್ ಬಿಲ್ಲಿನಲ್ಲಿ ಬರುತ್ತದಲ್ಲ, ಅದೇ ಯುನಿಟ್. ಭಾವನ ಕಾರಿನದು 30 ಯುನಿಟ್ ಬ್ಯಾಟರಿ. ಶೇ 60 ಅಂದರೆ 18 ಯುನಿಟ್. ಇನ್ನು ಖರ್ಚನ್ನು ಮೂರು ಭಾಗ ಮಾಡಿ.

ಮೊದಲನೆಯದು ದೂರ. ಟ್ರಿಪ್ ಮೀಟರ್ ಸೊನ್ನೆ ಮಾಡಿ ಒಂದು ವಾರ ಸಪಾಟು ರಸ್ತೆಯಲ್ಲಿ ಓಡಿಸಿ. ಒಂದು ಯುನಿಟ್‌ಗೆ ಎಷ್ಟು ಕಿಲೋಮೀಟರ್ ಬರುತ್ತದೆ ನೋಡಿ. ಕೆಲವು ಕಾರು ಇದನ್ನು ತಿರುಗಿಸಿ, ಕಿಲೋಮೀಟರಿಗೆ ಎಷ್ಟು ವಾಟ್-ಅವರ್ ಅಂತ ತೋರಿಸುತ್ತವೆ. ಒಂದು ಯುನಿಟ್ ಅಂದರೆ 1000 ವಾಟ್-ಅವರ್, ಹಾಗಾಗಿ 1000ವನ್ನು ಆ ಅಂಕಿಯಿಂದ ಭಾಗಿಸಿದರೆ ಆಯಿತು. ಭಾವನ ಕಾರು 7 ಕಿ.ಮೀ. ಕೊಡುತ್ತದೆ. 60 ಕಿ.ಮೀ.ಗೆ 8.6 ಯುನಿಟ್.

ಎರಡನೆಯದು ಎತ್ತರ. ಒಂದು ಟನ್ ತೂಕವನ್ನು 100 ಮೀಟರ್ ಮೇಲೆ ಎತ್ತಲು 0.27 ಯುನಿಟ್ ಬೇಕು. ಮೋಟಾರಿನಲ್ಲಿ ಪೋಲಾಗುವುದು ಸೇರಿಸಿ 0.3 ಅಂತ ಹಿಡಿಯಿರಿ. ಕಾರು, ಜನ, ಲಗೇಜು ಸೇರಿ 1.7 ಟನ್. ಎತ್ತರ 590 ಮೀಟರ್. 1.7ನ್ನು 5.9ರಿಂದ ಗುಣಿಸಿ, ಮತ್ತೆ 0.3ರಿಂದ ಗುಣಿಸಿ. 3 ಯುನಿಟ್ ಬರುತ್ತದೆ. ಇಡೀ ಘಟ್ಟದ ಬೆಲೆ ಅಷ್ಟೇ! ನಿಧಾನ ಹತ್ತಿದರೂ ಜೋರು ಹತ್ತಿದರೂ ಎತ್ತರದ ಪಾಲು ಬದಲಾಗುವುದಿಲ್ಲ.

ಮೂರನೆಯದು ಎಸಿ, ಹೀಟರ್, ದೀಪ. ಘಂಟೆಗೆ 1 ಯುನಿಟ್ ಹಿಡಿದರೆ ಎರಡು ತಾಸಿಗೆ 2 ಯುನಿಟ್.

ಒಟ್ಟು 13.6. ಇದ್ದದ್ದು 18. ಅಂದರೆ ಶಿರಸಿ ಪೇಟೆ ಮುಟ್ಟಿದಾಗಲೂ 4.4 ಯುನಿಟ್, ಅಂದರೆ ಇನ್ನೂ ಸುಮಾರು 30 ಕಿ.ಮೀ. ಓಡುವಷ್ಟು ಉಳಿಯುತ್ತಿತ್ತು. ಭಾವನಿಗೆ ಗೊತ್ತಾಗದೇ ಹೋದದ್ದು ಒಂದೇ. ದೇವಿಮನೆ ದಾಟಿದ ಮೇಲೆ ದೊಡ್ಡ ಏರು ಮುಗಿಯುತ್ತದೆ. ಅಲ್ಲಿಂದ ಮುಂದೆ ಸಣ್ಣ ಏರಿಳಿತದ ರಸ್ತೆ, ಖರ್ಚು ಮತ್ತೆ ಮಾಮೂಲಿಗೆ ಬರುತ್ತದೆ. ಮೊದಲರ್ಧದ ಖರ್ಚನ್ನು ಎರಡನೇ ಅರ್ಧಕ್ಕೆ ಹಚ್ಚಬಾರದು.

ಹಾಗಂತ ಶೇ 60ರಲ್ಲಿ ಹೊರಡಿ ಅಂತ ನಾನು ಹೇಳುವುದಿಲ್ಲ. ಕುಮಟಾದಿಂದಾದರೆ ಶೇ 80 ಇಟ್ಟುಕೊಳ್ಳಿ. ಕಾರವಾರದಿಂದ ಸುಮಾರು 120 ಕಿ.ಮೀ. ಆಗುತ್ತದೆ, ಪೂರ್ತಿ ತುಂಬಿಸಿಕೊಂಡೇ ಹೊರಡಿ. ನಮ್ಮ ದಾರಿಗಳು ಯಾವಾಗ ಬಂದ್ ಆಗುತ್ತವೋ ಹೇಳಲಾಗದು. 2024ರ ಜುಲೈನಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಹೆದ್ದಾರಿ ದಿನಗಟ್ಟಲೆ ಮುಚ್ಚಿತ್ತು. ಅಂಕೋಲಾದಿಂದ ಅರಬೈಲ್ ಘಟ್ಟ ಹತ್ತಿ ಯಲ್ಲಾಪುರದ ಮೇಲೆ ಸುತ್ತಿ ಬರುವಷ್ಟು ಬ್ಯಾಟರಿ ಕೈಯಲ್ಲಿರಬೇಕು.

3. ಹೆದ್ದಾರಿಯಲ್ಲಿ 80

ಕಾರವಾರ, ಅಂಕೋಲಾ ಕಡೆಯಿಂದ ಬರುವವರು ಅಗಲ ರಸ್ತೆ ಸಿಕ್ಕಿತೆಂದು 100ರಲ್ಲಿ ಓಡಿಸುತ್ತಾರೆ. 80ಕ್ಕೆ ಹೋಲಿಸಿದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. ಘಟ್ಟಕ್ಕೆ ಬೇಕಾದ ಯುನಿಟ್ ಇಲ್ಲೇ ಉಳಿಸಿಕೊಳ್ಳಿ.

4. ಹೀಟರ್ ಬೇಡ, ಸ್ವೆಟರ್ ಹಾಕಿ

ಸಣ್ಣ ಎಲೆಕ್ಟ್ರಿಕ್ ಕಾರುಗಳ ಹೀಟರ್ ಹೆಚ್ಚಾಗಿ ನೀರು ಕಾಯಿಸುವ ಕಾಯಿಲ್ ಇದ್ದ ಹಾಗೆ, ಕರೆಂಟನ್ನು ನೇರ ಬಿಸಿಯಾಗಿ ಬದಲಿಸುತ್ತದೆ. ಅದು ದಾರಿಯುದ್ದಕ್ಕೂ 2 ಕಿಲೋವಾಟ್, ಅಂದರೆ ಘಂಟೆಗೆ 2 ಯುನಿಟ್ ಎಳೆದರೆ ಎರಡು ತಾಸಿಗೆ 4 ಯುನಿಟ್. ಇಡೀ ಘಟ್ಟಕ್ಕಿಂತ ಜಾಸ್ತಿ ಆಯ್ತು ಅಲ್ವಾ? ಕಾರು ಚಾರ್ಜರಿನಲ್ಲಿ ಇರುವಾಗಲೇ ಹತ್ತು ನಿಮಿಷ ಒಳಗೆ ಬೆಚ್ಚಗೆ ಮಾಡಿಕೊಳ್ಳಿ, ಆಮೇಲೆ ಆಫ್ ಮಾಡಿ. ಮಕ್ಕಳಿಗೆ ಶಾಲು ಹೊದೆಸಿ.

ಆದರೆ ಘಟ್ಟದ ಮಂಜಿನಲ್ಲಿ ಗಾಜು ಮಬ್ಬಾದರೆ ಜಿಪುಣತನ ಬೇಡ. ಹೊರಗಿನ ಗಾಳಿ ಒಳಗೆ ಬರುವ ಹಾಗೆ ಮಾಡಿ, ಎಸಿ ಹಾಕಿ, ಗಾಳಿಯನ್ನು ಗಾಜಿಗೆ ಬಿಡಿ. ಎಸಿ ತೇವ ಹೀರುತ್ತದೆ. ಬಟ್ಟೆಯಲ್ಲಿ ಒರೆಸುತ್ತಾ ಒಂದು ಕೈಯಲ್ಲಿ ತಿರುವು ತೆಗೆಯುವವರನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ.

ಸಾಕೆಟ್ಟಿಗೆ ಸಿಕ್ಕಿಸಿದರೆ ರೇಂಜ್ ಜಾಸ್ತಿಯಾಗುತ್ತದೆ ಅಂತ ಸಣ್ಣ ಡಬ್ಬಿ ಮಾರುತ್ತಾರೆ. ಅದರಿಂದ ಒಂದು ಮೀಟರೂ ಹೆಚ್ಚು ಓಡುವುದಿಲ್ಲ.

5. ಇಳಿಯುವ ಮುಂಚೆ ಬ್ಯಾಟರಿಯಲ್ಲಿ ಜಾಗ ಬಿಡಿ

ಇದೂ ಬಹಳ ಜನ ತಪ್ಪುವ ಜಾಗ. ಇಳಿಯುವಾಗ ಮೋಟಾರೇ ಕಾರನ್ನು ಹಿಡಿದು ನಿಲ್ಲಿಸುತ್ತದೆ, ಆ ಶಕ್ತಿ ಬ್ಯಾಟರಿಗೆ ವಾಪಸ್ ಹೋಗುತ್ತದೆ. ಇದಕ್ಕೇ ರೀಜನರೇಷನ್ ಅನ್ನುತ್ತಾರೆ. ನಾವು ಹತ್ತುವಾಗ ಕೊಟ್ಟ 3 ಯುನಿಟ್‌ನಲ್ಲಿ ಅಂದಾಜು ಒಂದೂವರೆ ಮರಳಿ ಬರುತ್ತದೆ. ಆದರೆ ತುಂಬಿದ ಕೊಡಕ್ಕೆ ನೀರು ಹೊಯ್ಯಲು ಬರುವುದಿಲ್ಲ. ಬ್ಯಾಟರಿ ಶೇ 100 ಇದ್ದರೆ ಈ ಹಿಡಿತವನ್ನು ಕಾರು ತಾನೇ ತಗ್ಗಿಸಿಬಿಡುತ್ತದೆ.

ನಮ್ಮ ಸಂಬಂಧಿಕರ ಹುಡುಗಿಯೊಬ್ಬಳು ದೇವಿಮನೆಗೆ ಹತ್ತಿರದ ತೋಟದ ಮನೆಯಲ್ಲಿ ರಾತ್ರಿಯಿಡೀ ಚಾರ್ಜ್ ಮಾಡಿ, ಶೇ 100 ಆದಮೇಲೆ ಸೀದಾ ಘಟ್ಟ ಇಳಿದಳು. ಮೊದಲ ತಿರುವುಗಳಲ್ಲೇ ಕಾರು ಹಿಡಿತ ಕೊಡಲಿಲ್ಲ. ಬ್ರೇಕ್ ಒತ್ತಿ ಒತ್ತಿ ಸುಟ್ಟ ವಾಸನೆ ಬಂತು. ಪುಣ್ಯಕ್ಕೆ ನಿಲ್ಲಿಸಿ ತಣ್ಣಗಾಗಲು ಬಿಟ್ಟಳು. ಘಟ್ಟದ ತಲೆಯಲ್ಲೇ ಮನೆ ಇದ್ದವರು ಶೇ 85ಕ್ಕೆ ಚಾರ್ಜ್ ನಿಲ್ಲಿಸಿ. ಶಿರಸಿ ಪೇಟೆಯಿಂದ ಹೊರಡುವವರಿಗೆ ಅಷ್ಟು ಚಿಂತೆ ಇಲ್ಲ, ದೇವಿಮನೆ ಮುಟ್ಟುವಷ್ಟರಲ್ಲಿ ಒಂದಿಷ್ಟು ಖರ್ಚಾಗಿ ಜಾಗ ಆಗಿರುತ್ತದೆ. ಯಾರೇ ಆಗಲಿ, ಇಳಿಯುವ ಮುಂಚೆ ರೀಜನರೇಷನ್ ಹೆಚ್ಚಿನ ಮಟ್ಟಕ್ಕೆ ಇಡಿ. ಬ್ಯಾಟರಿ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಯುವುದು ಅಪಾಯ. ಅದರಿಂದ ಉಳಿತಾಯವೂ ಇಲ್ಲ, ಬ್ಯಾಟರಿಗೆ ಬರಬೇಕಾದದ್ದೂ ತಪ್ಪುತ್ತದೆ.

6. ತಲುಪಿದ ತಕ್ಷಣ ಚಾರ್ಜಿಗೆ ಹಾಕಿ

ಬ್ಯಾಟರಿ ಬೆಚ್ಚಗಿರುವಾಗಲೇ ಹಾಕಿ. ಗೀಸರ್ ಹಾಕುವಂಥ ದೊಡ್ಡ ಸಾಕೆಟ್ ಬೇಕು, ಅರ್ತಿಂಗ್ ಸರಿ ಇರಬೇಕು. ಘಂಟೆಗೆ ಸುಮಾರು 3 ಯುನಿಟ್ ತುಂಬುತ್ತದೆ. ಅಂಗಳದವರೆಗೆ ವೈರು ಸಾಲದೆಂದು ಟಿವಿಗೆ ಹಾಕುವ ಎಕ್ಸ್‌ಟೆನ್ಷನ್ ಬಾಕ್ಸ್ ಜೋಡಿಸಬೇಡಿ. ಅದು ಕರಗಿ ಅಂಟಿಕೊಂಡದ್ದನ್ನು ಎರಡು ಮನೆಯಲ್ಲಿ ಕಂಡಿದ್ದೇನೆ. ಅರ್ಧ ತಾಸು ಬಿಟ್ಟು ಹೋಗಿ ಪ್ಲಗ್ ಮುಟ್ಟಿ ನೋಡಿ. ಕೈಗೆ ಬಿಸಿ ತಾಗಿದರೆ ಚಾರ್ಜ್ ನಿಲ್ಲಿಸಿ, ಬೇರೆ ಸಾಕೆಟ್ ಹುಡುಕಿ.